ಮೂಗಿನ ಆಕಾರ ಬದಲಿಸುವ ಮುನ್ನ: ಐದು ದಾರಿಗಳ ಹೋಲಿಕೆ

ತಮ್ಮ ಮೂಗಿನ ಬಗ್ಗೆ ಅತೃಪ್ತಿ ಇರುವವರಿಗೆ ಇಂದು ಐದು ದಾರಿಗಳಿವೆ. ಏನೂ ಮಾಡಿಸದೆ ಇದ್ದ ಹಾಗೆಯೇ ಇರುವುದು ಒಂದು. ಮೂಗಿನ ಒಳಗಿನ ನಡುಗೋಡೆ ಸೊಟ್ಟಗಿದ್ದು ಉಸಿರಾಟಕ್ಕೆ ತೊಂದರೆಯಾಗುತ್ತಿದ್ದರೆ ಅದನ್ನಷ್ಟೇ ನೇರ ಮಾಡುವ ಸೆಪ್ಟೊಪ್ಲಾಸ್ಟಿ ಎರಡನೆಯದು. ಸೂಜಿಯಿಂದ ಚರ್ಮದಡಿ ತುಂಬುವ ಫಿಲ್ಲರ್ ಮೂರನೆಯದು. ಮೂಳೆಯನ್ನೂ ಮೃದ್ವಸ್ಥಿಯನ್ನೂ (ಕಿವಿಯಲ್ಲಿರುವಂಥ ಬಾಗುವ ಮೆದು ಎಲುಬು) ತಿದ್ದಿ ಹೊರ ಆಕಾರವನ್ನು ಬದಲಿಸುವ ರೈನೋಪ್ಲಾಸ್ಟಿ ನಾಲ್ಕನೆಯದು. ಒಳಗಿನ ಗೋಡೆ, ಹೊರಗಿನ ಆಕಾರ ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಸರಿಪಡಿಸುವ ಸೆಪ್ಟೊರೈನೋಪ್ಲಾಸ್ಟಿ ಐದನೆಯದು. ಇವೆಲ್ಲ ಬೇರೆ ಬೇರೆ ತೊಂದರೆಗಳಿಗೆ ಇರುವ ಉತ್ತರಗಳು. ಆದ್ದರಿಂದ ಯಾವುದು ಒಳ್ಳೆಯದು ಎಂದು ವಿಚಾರಿಸುವ ಮೊದಲು ನನಗಿರುವ ತೊಂದರೆ ನಿಜವಾಗಿ ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹಣ ಖರ್ಚು ಮಾಡಿ, ನೋವು ತಿಂದು, ಕೊನೆಗೂ ಸಮಾಧಾನವಿಲ್ಲದೆ ಉಳಿಯುವವರಲ್ಲಿ ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡಿದವರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೊಂದರೆ ಉಸಿರಾಟದ್ದೋ, ಆಕಾರದ್ದೋ, ಮಂದಿಯ ಮಾತಿನದ್ದೋ?

ಉಸಿರಾಟದ ವಿಷಯವನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಮನೆಯಲ್ಲೇ ಸ್ವಲ್ಪಮಟ್ಟಿಗೆ ಪರೀಕ್ಷಿಸಿಕೊಳ್ಳಬಹುದು. ಕನ್ನಡಿಯ ಮುಂದೆ ನಿಂತು, ಒಂದು ಹೊಳ್ಳೆಯನ್ನು ಹೆಬ್ಬೆರಳಿನಿಂದ ಹಗುರವಾಗಿ ಮುಚ್ಚಿ. ಇನ್ನೊಂದು ಹೊಳ್ಳೆಯ ಪಕ್ಕದ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ಮೆಲ್ಲನೆ ಕಿವಿಯ ಕಡೆಗೆ ಎಳೆಯುತ್ತ ಉಸಿರೆಳೆದುಕೊಳ್ಳಿ. ಕಟ್ಟಿಕೊಂಡಿದ್ದ ಗಾಳಿ ಥಟ್ಟನೆ ಸರಾಗವಾಗಿ ಒಳಗೆ ಹೋದರೆ ಮೂಗಿನೊಳಗಿನ ಅತಿ ಇಕ್ಕಟ್ಟಾದ ಜಾಗ, ಅಂದರೆ ವೈದ್ಯರು ವಾಲ್ವ್ ಎಂದು ಕರೆಯುವ ಭಾಗ, ಕುಗ್ಗಿರುವ ಸಾಧ್ಯತೆ ಇದೆ. ಇದು ಸುಳಿವು ಮಾತ್ರ. ಖಚಿತವಾಗಿ ಹೇಳಬೇಕಾದವರು ಎಂಡೋಸ್ಕೋಪ್ ಹಾಕಿ ನೋಡುವ ಇಎನ್‌ಟಿ ವೈದ್ಯರು. ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಕಟ್ಟಿ ಇನ್ನೊಂದು ಬಿಡುವುದು ಬಹಳಷ್ಟು ಜನರಲ್ಲಿ ಸಹಜವಾಗಿ ನಡೆಯುವ ಕ್ರಿಯೆಯಾದ್ದರಿಂದ ಅದಕ್ಕೆ ಗಾಬರಿ ಬೇಕಿಲ್ಲ. ಯಾವಾಗಲೂ ಒಂದೇ ಕಡೆ ಕಟ್ಟುವುದು, ಬಾಯಿ ತೆರೆದೇ ಮಲಗಬೇಕಾಗುವುದು, ಚಿಕ್ಕಂದಿನಲ್ಲಿ ಬಿದ್ದೋ ಕ್ರಿಕೆಟ್ ಚೆಂಡು ಬಡಿದೋ ಮೂಗು ವಾಲಿರುವುದು, ಇಂಥವುಗಳನ್ನು ಮಾತ್ರ ತಡಮಾಡದೆ ತೋರಿಸಬೇಕು. ಧೂಳು, ಪರಾಗ, ತಂಪುಗಾಳಿಗೆ ಸೀನುತ್ತ ಮೂಗು ಕಟ್ಟುವವರ ಕಥೆ ಬೇರೆ. ಅವರಿಗೆ ಅಲರ್ಜಿಯಿಂದ ಒಳಗಿನ ಪೊರೆ ಊದಿರುತ್ತದೆ. ಅದಕ್ಕೆ ವೈದ್ಯರು ಬರೆದುಕೊಡುವ ಸ್ಪ್ರೇಯನ್ನು ಕೆಲವು ವಾರ ಕ್ರಮವಾಗಿ ಬಳಸಿ ನೋಡದೆ ಶಸ್ತ್ರಚಿಕಿತ್ಸೆಯ ಮಾತಿಗೆ ಹೋಗುವುದು ಸರಿಯಲ್ಲ. ಮೂಳೆ ನೇರವಾದ ಮಾತ್ರಕ್ಕೆ ಅಲರ್ಜಿ ವಾಸಿಯಾಗುವುದಿಲ್ಲ.

ಆಕಾರದ ತೊಂದರೆಯನ್ನು ಒಂದು ವಾಕ್ಯದಲ್ಲಿ ಹೇಳಲು ಬರಬೇಕು. 'ಪಕ್ಕದಿಂದ ನೋಡಿದರೆ ಮೂಗಿನ ಬೆನ್ನಿನ ಮೇಲೆ ಉಬ್ಬು ಕಾಣುತ್ತದೆ', 'ನಕ್ಕಾಗ ತುದಿ ಕೆಳಗೆ ಜಗ್ಗುತ್ತದೆ', 'ಮೂಗು ಎಡಕ್ಕೆ ವಾಲಿದೆ' ಎಂದು ಬೆರಳಿಟ್ಟು ತೋರಿಸಬಲ್ಲವರಿಗೆ ಶಸ್ತ್ರಚಿಕಿತ್ಸಕರು ಸಾಧ್ಯ ಅಸಾಧ್ಯಗಳನ್ನು ನೇರವಾಗಿ ಹೇಳಬಲ್ಲರು. 'ಏನೋ ಚೆನ್ನಾಗಿಲ್ಲ' ಎನ್ನುವವರಿಗೆ ಅಥವಾ ನಟಿಯೊಬ್ಬರ ಫೋಟೋ ತಂದು 'ಹೀಗೆ ಮಾಡಿಕೊಡಿ' ಎನ್ನುವವರಿಗೆ ತೃಪ್ತಿ ಸಿಗುವುದು ಕಷ್ಟ. ಸೆಲ್ಫಿಯನ್ನು ನೋಡಿ ನಿರ್ಧಾರಕ್ಕೆ ಬರುವುದಂತೂ ಬೇಡ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಂತೆ, 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಬುಡದ ಅಗಲ, 5 ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ. ಮೊಬೈಲಿನ ಕ್ಯಾಮೆರಾಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಮೂಗಾದ್ದರಿಂದ ಅದು ದೊಡ್ಡದಾಗಿ ಕಾಣುವುದು ಸಹಜ. ಬೇರೆಯವರಿಂದ ಐದಾರು ಅಡಿ ದೂರದಲ್ಲಿ ನಿಂತು, ಮುಂದಿನಿಂದ ಹಾಗೂ ಎರಡೂ ಪಕ್ಕದಿಂದ ಫೋಟೋ ತೆಗೆಸಿಕೊಂಡು ನೋಡಿದ ಮೇಲೂ ಅದೇ ದೂರು ಉಳಿದರೆ ಅದು ಪರಿಗಣಿಸಬೇಕಾದ ದೂರು.

ಮೂರನೆಯದು ಮಾತಿನ ನೋವು. ಸಂಪಿಗೆಯಂಥ ಮೂಗೇ ಚೆಲುವಿನ ಅಳತೆಗೋಲಾಗಿರುವ ನಮ್ಮಲ್ಲಿ, ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುತ್ತ 'ಹುಡುಗಿ ಲಕ್ಷಣವಾಗಿದ್ದಾಳೆ, ಮೂಗೊಂದು ಸ್ವಲ್ಪ ಚಪ್ಪಟೆ' ಎಂದು ಹೇಳಿ ಹೋಗುತ್ತಾರೆ. ಶಾಲೆಯಲ್ಲಿ ಇಟ್ಟ ಅಡ್ಡಹೆಸರು ಮೂವತ್ತು ವರ್ಷವಾದರೂ ಕಿವಿಯಲ್ಲಿ ಉಳಿದಿರುತ್ತದೆ. ಈ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಬೇರೆಯವರ ಬಾಯಿ ಮುಚ್ಚಿಸಲು ಮಾಡಿಸಿದ ಶಸ್ತ್ರಚಿಕಿತ್ಸೆಯ ಫಲವನ್ನು ಮತ್ತೆ ಅದೇ ಬಾಯಿಗಳೇ ತೀರ್ಮಾನಿಸುತ್ತವೆ. ಮನೆಯವರು ಒತ್ತಾಯಿಸುತ್ತಿದ್ದಾರೆ, ತನಗೆ ಮಾತ್ರ ಬೇಡವಾಗಿದೆ ಎನ್ನುವ ಯುವತಿಗೆ ನಾನು ಹೇಳುವುದು ಒಂದೇ: ಮಾಡಿಸಬೇಡಿ. ಕನ್ನಡಿ ನೋಡುವುದರಲ್ಲೇ ದಿನದ ಗಂಟೆಗಟ್ಟಲೆ ಹೊತ್ತು ಕಳೆಯುವುದು, ಮೂಗಿನ ಕಾರಣಕ್ಕೆ ಮದುವೆ ಮುಂಜಿಗಳಿಗೆ ಹೋಗದಿರುವುದು, ಬೇರೆಯವರಿಗೆ ಕಾಣಿಸದ ಕೊರತೆ ತನಗೆ ಮಾತ್ರ ದೊಡ್ಡದಾಗಿ ಕಾಣುವುದು, ಇವು ಮನೋವೈದ್ಯರ ನೆರವಿನಿಂದ ಗುಣವಾಗಬಲ್ಲ ಸ್ಥಿತಿಯ ಲಕ್ಷಣಗಳು. ಮೂಗಿನ ಶಸ್ತ್ರಚಿಕಿತ್ಸೆ ಕೇಳಿಕೊಂಡು ಬರುವವರಲ್ಲಿ ಈ ಸ್ಥಿತಿ ಜನಸಾಮಾನ್ಯರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಅಂಥವರಿಗೆ ಕತ್ತಿ ಆಡಿಸಿದರೆ ಸಂಕಟ ಕಡಿಮೆಯಾಗುವುದಿಲ್ಲ, ಹಲವರಲ್ಲಿ ಹೆಚ್ಚುತ್ತದೆ. ಬಂದವರನ್ನೆಲ್ಲ ಆಪರೇಷನ್ ಟೇಬಲ್ಲಿಗೆ ಕಳಿಸದೆ ಕೆಲವರನ್ನು ಹಿಂದಕ್ಕೆ ಕಳಿಸುವ ವೈದ್ಯರು ನಂಬಿಕೆಗೆ ಅರ್ಹರು.

ಫಿಲ್ಲರೋ, ಶಸ್ತ್ರಚಿಕಿತ್ಸೆಯೋ?

ಹೆಚ್ಚಿನವರು ತೂಗಿ ನೋಡುವುದು ಇವೆರಡನ್ನೇ. ಫಿಲ್ಲರ್ ಎಂದರೆ ಬಹುಪಾಲು ಹೈಯಲುರಾನಿಕ್ ಆಸಿಡ್ ಎಂಬ ಜೆಲ್ಲನ್ನು ಚರ್ಮದಡಿ ತುಂಬುವುದು. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮರುದಿನ ಕಚೇರಿಗೆ ಹೋಗಬಹುದು, ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಉಳಿಯುತ್ತದೆ. ತಗ್ಗಾದ ಮೂಗಿನ ಬೆನ್ನನ್ನು ಸ್ವಲ್ಪ ಎತ್ತರಿಸಲು, ಉಬ್ಬಿನ ಮೇಲೂ ಕೆಳಗೂ ತುಂಬಿ ಗೆರೆ ನೇರವಾಗಿ ಕಾಣುವಂತೆ ಮಾಡಲು ಅದು ಸಾಕು. ಆದರೆ ತುಂಬುವ ವಸ್ತು ಮೂಗನ್ನು ಎಂದಿಗೂ ಚಿಕ್ಕದು ಮಾಡಲಾರದು. ಅಗಲವಾದ ಹೊಳ್ಳೆ, ದಪ್ಪ ತುದಿ, ಉದ್ದನೆಯ ಮೂಗು, ಸೊಟ್ಟಗಾದ ಗೋಡೆ, ಉಸಿರಾಟದ ತೊಂದರೆ ಇವುಗಳಿಗೆ ಫಿಲ್ಲರ್ ಉತ್ತರವಲ್ಲ. ಹಾಗೆಂದು ಹೇಳದೆ ಎಲ್ಲರಿಗೂ ಅದನ್ನೇ ಸೂಚಿಸುವ ಕ್ಲಿನಿಕ್ಕಿನಿಂದ ಎದ್ದು ಬರುವುದು ಒಳಿತು.

ಫಿಲ್ಲರ್ ಅಪಾಯವಿಲ್ಲದ ಸುಲಭ ದಾರಿ ಎಂಬ ನಂಬಿಕೆಯನ್ನು ಇಲ್ಲಿ ತಡೆದು ನಿಲ್ಲಿಸಲೇಬೇಕು. ಮೂಗಿನ ಬೆನ್ನಿನ ಮೇಲೆ ಹರಿಯುವ ರಕ್ತನಾಳಗಳು ಕಣ್ಣಿಗೆ ರಕ್ತ ಒದಗಿಸುವ ನಾಳದೊಂದಿಗೆ ಕೂಡಿಕೊಂಡಿವೆ. ಜೆಲ್ ತಪ್ಪಿ ನಾಳದೊಳಗೆ ಹೋದರೆ ಮೂಗಿನ ಚರ್ಮ ಕಪ್ಪಾಗಿ ಕೊಳೆಯಬಹುದು. ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು, ಹಾಗೆ ಹೋದ ದೃಷ್ಟಿ ಮರಳಿ ಬರುವುದು ಕಡಿಮೆ. ಮುಖದಲ್ಲಿ ಫಿಲ್ಲರಿನಿಂದ ಕುರುಡುತನ ಉಂಟಾದ ಪ್ರಕರಣಗಳಲ್ಲಿ ಮೂಗು ಹಾಗೂ ಎರಡು ಹುಬ್ಬುಗಳ ನಡುವಿನ ಜಾಗ, ಇವೆರಡೂ ಮುಂಚೂಣಿಯಲ್ಲಿವೆ. ಆದ್ದರಿಂದ ಬ್ಯೂಟಿ ಪಾರ್ಲರಿನಲ್ಲಿ, ಯಾರದೋ ಮನೆಯ ಕೋಣೆಯಲ್ಲಿ, ವೈದ್ಯರಲ್ಲದವರ ಕೈಯಲ್ಲಿ ಮೂಗಿಗೆ ಸೂಜಿ ಹಾಕಿಸಿಕೊಳ್ಳಬಾರದು. ಜೆಲ್ಲನ್ನು ಕರಗಿಸುವ ಹೈಯಲುರಾನಿಡೇಸ್ ಎಂಬ ಔಷಧ ಆ ಕೋಣೆಯಲ್ಲೇ ಇದೆಯೇ ಎಂದು ಮೊದಲೇ ಕೇಳಿ, ಇಲ್ಲವೆಂದರೆ ಹಿಂದಿರುಗಿ. ಕರಗಿಸಲು ಬಾರದ ಶಾಶ್ವತ ಫಿಲ್ಲರ್‌ಗಳನ್ನು ಮೂಗಿಗೆ ಹಾಕಿಸಿಕೊಳ್ಳುವುದೇ ಬೇಡ. ಹಿಂದೆ ಎಂದಾದರೂ ಹಾಕಿಸಿಕೊಂಡಿದ್ದರೆ ರೈನೋಪ್ಲಾಸ್ಟಿಗೆ ಮುನ್ನ ಅದನ್ನು ಮುಚ್ಚಿಡದೆ ತಿಳಿಸಬೇಕು.

ಶಸ್ತ್ರಚಿಕಿತ್ಸೆಯ ಲಾಭನಷ್ಟ ಬೇರೆ ಬಗೆಯದು. ಫಲ ಶಾಶ್ವತ. ತಪ್ಪಾದರೆ ಆ ತಪ್ಪೂ ತಾನಾಗಿ ಕರಗಿ ಹೋಗುವುದಿಲ್ಲ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುತ್ತದೆ, ಸುಮಾರು ಒಂದು ವಾರ ಮೂಗಿನ ಮೇಲೆ ಸ್ಪ್ಲಿಂಟ್ ಎಂಬ ಗಟ್ಟಿ ಆಸರೆಪಟ್ಟಿ ಇರುತ್ತದೆ, ಕಣ್ಣಿನ ಸುತ್ತಲಿನ ಕಪ್ಪುನೀಲಿ ಬಣ್ಣ ಮಾಸಲು ಎರಡು ವಾರ ಹಿಡಿಯಬಹುದು. ಆಕಾರ ಬದಲಾಗಲೇಬೇಕೆಂದು ನಿರ್ಧರಿಸಿದವರಿಗೆ, ಅದರಲ್ಲೂ ಉಬ್ಬು ತೆಗೆಯಬೇಕಾದವರಿಗೆ ಮತ್ತು ಮೂಗು ವಾಲಿರುವವರಿಗೆ, ವರ್ಷ ವರ್ಷ ಫಿಲ್ಲರ್ ತುಂಬಿಸಿಕೊಳ್ಳುವುದಕ್ಕಿಂತ ಇದು ಮೇಲು ಎನ್ನುವುದು ನನ್ನ ಅಭಿಪ್ರಾಯ. ತಗ್ಗಾದ ಬೆನ್ನು ಸ್ವಲ್ಪ ಎತ್ತರವಾದರೆ ಹೇಗೆ ಕಾಣಬಹುದು ಎಂದು ತಿಳಿಯಬೇಕಾದವರಿಗೆ ಮಾತ್ರ ಕರಗುವ ಫಿಲ್ಲರನ್ನು ನುರಿತ ಕೈಯಲ್ಲಿ ಒಮ್ಮೆ ಹಾಕಿಸಿ ನೋಡುವುದರಲ್ಲಿ ಅರ್ಥವಿದೆ. ದಾರ ಹಾಕಿ ಮೂಗನ್ನು ಎತ್ತುತ್ತೇವೆ ಎನ್ನುವ ಜಾಹೀರಾತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಫಲ ಅಲ್ಪಕಾಲದ್ದು.

ಮೃದ್ವಸ್ಥಿಯ ಲೆಕ್ಕ

ಸೆಪ್ಟೊಪ್ಲಾಸ್ಟಿ ಮಾತ್ರ ಸಾಕೋ, ಎರಡನ್ನೂ ಒಟ್ಟಿಗೆ ಮಾಡಿಸುವುದೋ ಎಂಬ ಪ್ರಶ್ನೆಗೆ ಬಹಳ ಜನ ಗಮನ ಕೊಡುವುದಿಲ್ಲ. ಈ ಹೋಲಿಕೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಮೂಗಿನ ಮೇಲಿನ ಮೂರನೆಯ ಒಂದು ಭಾಗ ಮೂಳೆ, ಕೆಳಗಿನದೆಲ್ಲ ಮೃದ್ವಸ್ಥಿ ಮತ್ತು ಚರ್ಮ. ತುದಿಗೆ ಆಧಾರ ಕೊಡಲು, ಕುಗ್ಗಿದ ವಾಲ್ವನ್ನು ಅಗಲಿಸಲು, ಬೆನ್ನನ್ನು ಎತ್ತರಿಸಲು ಬೇಕಾಗುವ ತುಣುಕುಗಳನ್ನು ವೈದ್ಯರು ಮೊದಲು ಹುಡುಕುವುದು ಮೂಗಿನದೇ ನಡುಗೋಡೆಯಲ್ಲಿ. ಮೂಗು ಕುಸಿಯದಂತೆ ಆ ಗೋಡೆಯ ಮೇಲಂಚು ಮತ್ತು ಮುಂದಿನ ಅಂಚುಗಳಲ್ಲಿ ಕನಿಷ್ಠ ಒಂದು ಸೆಂಟಿಮೀಟರಿನಷ್ಟು ಪಟ್ಟಿಯನ್ನು ಉಳಿಸಲೇಬೇಕಾದ್ದರಿಂದ ತೆಗೆಯಲು ಸಿಗುವುದು ಸ್ವಲ್ಪವೇ. ಇಂದು ಉಸಿರಾಟಕ್ಕೆಂದು ಸೆಪ್ಟೊಪ್ಲಾಸ್ಟಿ ಮಾಡಿಸಿ ಸೊಟ್ಟ ಭಾಗವನ್ನು ತೆಗೆಸಿಬಿಟ್ಟರೆ, ಎರಡು ವರ್ಷದ ನಂತರ ಆಕಾರವನ್ನೂ ತಿದ್ದಿಸಬೇಕೆನಿಸಿದಾಗ ಆ ಸಾಮಗ್ರಿ ಅಲ್ಲಿರುವುದಿಲ್ಲ. ಕಿವಿಯ ಹಿಂದಿನಿಂದಲೋ ಪಕ್ಕೆಲುಬಿನಿಂದಲೋ ತೆಗೆಯಬೇಕಾಗುತ್ತದೆ. ಆದ್ದರಿಂದ ಉಸಿರಾಟದ ತೊಂದರೆಯೂ ಆಕಾರದ ಆಸೆಯೂ ಇರುವವರು ಸಂಕೋಚಪಟ್ಟು ಎರಡನೆಯದನ್ನು ಬಚ್ಚಿಡಬಾರದು. ಮೊದಲ ಭೇಟಿಯಲ್ಲೇ ಎರಡನ್ನೂ ಹೇಳಿ, ಒಟ್ಟಿಗೆ ಮಾಡಿಸಿಕೊಳ್ಳುವುದೇ ಅವರಿಗೆ ಸರಿಯಾದ ದಾರಿ. ಉಸಿರಾಟದ ತೊಂದರೆ ಮಾತ್ರ ಇದ್ದು, ಮುಖದ ಬಗ್ಗೆ ದೂರೇ ಇಲ್ಲದವರಿಗೆ ಸೆಪ್ಟೊಪ್ಲಾಸ್ಟಿ ಸಾಕು. 'ಹೇಗೂ ಮಲಗಿಸುತ್ತೇವೆ, ಮೂಗನ್ನೂ ಚೂಪು ಮಾಡಿಬಿಡೋಣ' ಎಂಬ ಸಲಹೆಗೆ ಅವರು ಒಪ್ಪಬೇಕಾಗಿಲ್ಲ.

ಆಕಾರಕ್ಕಾಗಿ ಮಾಡಿದ ಕೆಲಸವೇ ಉಸಿರಾಟವನ್ನು ಕೆಡಿಸಬಹುದು ಎಂಬುದನ್ನೂ ತಿಳಿದಿರಬೇಕು. ಉಬ್ಬನ್ನು ಹೆಚ್ಚಾಗಿ ಕತ್ತರಿಸಿ ಮೂಗನ್ನು ತೀರಾ ಕಿರಿದು ಮಾಡಿದರೆ ಒಳಗಿನ ವಾಲ್ವ್ ಇಕ್ಕಟ್ಟಾಗುತ್ತದೆ. ನೋಡಲು ಚೆನ್ನಾಗಿರುವ, ರಾತ್ರಿ ನಿದ್ದೆಗೆಡಿಸುವ ಮೂಗು ಯಾರಿಗೂ ಬೇಡ. 'ಆಕಾರ ಬದಲಾದ ಮೇಲೆ ನನ್ನ ಉಸಿರಾಟಕ್ಕೆ ಏನು ಮಾಡುತ್ತೀರಿ?' ಎಂದು ಕೇಳಿದಾಗ ವೈದ್ಯರು ವಿವರವಾಗಿ ಉತ್ತರಿಸಬೇಕು.

ಮೃದ್ವಸ್ಥಿಯ ಬದಲು ಸಿಲಿಕಾನ್ ಇಟ್ಟರೆ ಬೇರೆ ಕಡೆ ಗಾಯವಾಗುವುದಿಲ್ಲ, ಶಸ್ತ್ರಚಿಕಿತ್ಸೆ ಬೇಗ ಮುಗಿಯುತ್ತದೆ. ಆದರೆ ಅದು ಹೊರಗಿನ ವಸ್ತು. ಸೋಂಕು ತಗಲುವ, ಜರುಗುವ, ವರ್ಷಗಳ ನಂತರ ಚರ್ಮ ತೆಳುವಾಗಿಸಿ ಹೊರಬರುವ ಅಪಾಯ ಅದರೊಂದಿಗೆ ಉಳಿದೇ ಇರುತ್ತದೆ. ಸ್ವಂತ ಮೃದ್ವಸ್ಥಿಯೇ ಮೇಲು.

ತೆರೆದ ವಿಧಾನ, ಮುಚ್ಚಿದ ವಿಧಾನ, ಚರ್ಮದ ದಪ್ಪ

ತೆರೆದ ವಿಧಾನದಲ್ಲಿ ಎರಡು ಹೊಳ್ಳೆಗಳ ನಡುವಿನ ಕಂಬದ ಮೇಲೆ ಚಿಕ್ಕ ಗೀರು ಹಾಕಿ ಚರ್ಮವನ್ನು ಎತ್ತಿ ಎಲ್ಲವನ್ನೂ ಕಣ್ಣಾರೆ ನೋಡಿ ತಿದ್ದುತ್ತಾರೆ. ಮುಚ್ಚಿದ ವಿಧಾನದಲ್ಲಿ ಗೀರುಗಳೆಲ್ಲ ಒಳಗೇ. ಮೊದಲನೆಯದರಲ್ಲಿ ಊತ ಹೆಚ್ಚು ದಿನ ಇರುತ್ತದೆ, ಗುರುತು ಸಾಮಾನ್ಯವಾಗಿ ಎದ್ದು ಕಾಣದಷ್ಟು ಮಾಸುತ್ತದೆ. ಎರಡನೆಯದು ಚಿಕ್ಕಪುಟ್ಟ ತಿದ್ದುಪಡಿಗೆ ಹಿತ. ಸೊಟ್ಟ ಮೂಗಿಗೆ, ತುದಿಯ ಹೆಚ್ಚಿನ ಕೆಲಸಕ್ಕೆ, ಎರಡನೆಯ ಸಲದ ಶಸ್ತ್ರಚಿಕಿತ್ಸೆಗೆ ಬಹಳಷ್ಟು ವೈದ್ಯರು ತೆರೆದ ವಿಧಾನವನ್ನೇ ಆರಿಸುತ್ತಾರೆ. ಇದನ್ನು ವೈದ್ಯರ ಕೈಪಳಗಿಕೆಗೆ ಬಿಡುವುದು ಲೇಸು.

ರೋಗಿ ತಾನೇ ತಿಳಿದಿರಬೇಕಾದದ್ದು ಚರ್ಮದ ವಿಷಯ. ನಮ್ಮ ಕಡೆಯ ಹಲವರ ಮೂಗಿನ ತುದಿಯ ಚರ್ಮ ದಪ್ಪ, ಎಣ್ಣೆಯಂಶ ಹೆಚ್ಚು. ದಪ್ಪ ಕಂಬಳಿ ಹೊದಿಸಿದ ಮಂಚದ ಅಂಚು ಕಾಣದ ಹಾಗೆ, ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ಹೊರಗೆ ಅಷ್ಟೇ ನಾಜೂಕು ಕಾಣಿಸುವುದಿಲ್ಲ, ಊತವೂ ನಿಧಾನವಾಗಿ ಇಳಿಯುತ್ತದೆ. ಇಂಥವರಿಗೆ ಮೂಗನ್ನು ಕಡಿಮೆ ಮಾಡುತ್ತ ಹೋಗುವುದಕ್ಕಿಂತ ಒಳಗಿನ ಚೌಕಟ್ಟನ್ನು ಬಲಪಡಿಸುವುದರಿಂದ ಒಳ್ಳೆಯ ಫಲ ಬರುತ್ತದೆ. ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರ ಮಾತುಕತೆಗೆ ಸಹಾಯಕ, ಆದರೆ ಅದು ಭರವಸೆಯ ಪತ್ರವಲ್ಲ. ತಮ್ಮಂಥದೇ ಚರ್ಮ, ತಮ್ಮಂಥದೇ ಮೂಗು ಇದ್ದವರ ಒಂದು ವರ್ಷದ ನಂತರದ ಫೋಟೋಗಳನ್ನು ತೋರಿಸಿ ಎಂದು ಕೇಳಿ. ಸ್ಪ್ಲಿಂಟ್ ತೆಗೆದ ವಾರದ ಫೋಟೋಗಳಿಂದ ಏನೂ ತಿಳಿಯುವುದಿಲ್ಲ.

ಯಾರ ಬಳಿ, ಯಾವ ಆಸ್ಪತ್ರೆಯಲ್ಲಿ?

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೂ, ಇಎನ್‌ಟಿಯಲ್ಲಿ ಎಂಎಸ್ ಮಾಡಿ ರೈನೋಪ್ಲಾಸ್ಟಿಯಲ್ಲಿ ಪಳಗಿದವರೂ ಇದನ್ನು ಮಾಡುತ್ತಾರೆ. ಪದವಿಯ ನಂತರ ನೋಡಬೇಕಾದದ್ದು ಅವರು ಈ ಶಸ್ತ್ರಚಿಕಿತ್ಸೆಯನ್ನು ಎಷ್ಟು ಪದೇ ಪದೇ ಮಾಡುತ್ತಾರೆ ಎಂಬುದು. ತಿಂಗಳಿಗೆ ಹಲವು ಮೂಗುಗಳನ್ನು ಮಾಡುವ ಇಎನ್‌ಟಿ ವೈದ್ಯರು, ಅಪರೂಪಕ್ಕೊಮ್ಮೆ ಮಾಡುವ ಪ್ಲಾಸ್ಟಿಕ್ ಸರ್ಜನ್‌ಗಿಂತ ಒಳ್ಳೆಯ ಆಯ್ಕೆ. ತಿರುಗಿಸಿ ಹೇಳಿದರೂ ಅಷ್ಟೇ ನಿಜ. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಆಸ್ಪತ್ರೆಯ ನೋಂದಣಿಯನ್ನು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯಿದೆಯಡಿ ಪರಿಶೀಲಿಸಬಹುದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡದ್ದು ಬಹಳ ಜನರಿಗೆ ನೆನಪಿರಬಹುದು. ಸೌಂದರ್ಯಕ್ಕಾಗಿ ಮಾಡಿಸುವುದೂ ಪೂರ್ಣ ಶಸ್ತ್ರಚಿಕಿತ್ಸೆಯೇ. ಅರಿವಳಿಕೆ ತಜ್ಞರು ಯಾರು, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ, ಇಲ್ಲದಿದ್ದರೆ ತುರ್ತಿನಲ್ಲಿ ಎಲ್ಲಿಗೆ ಸಾಗಿಸುತ್ತೀರಿ ಎಂದು ಕೇಳಲು ನಾಚಬಾರದು.

ಖರ್ಚಿನಲ್ಲಿ ಈ ದಾರಿಗಳ ನಡುವೆ ದೊಡ್ಡ ಅಂತರವಿದೆ. ಉಸಿರಾಟಕ್ಕೆ ಅಡ್ಡಿಯಾದ ನಡುಗೋಡೆಯ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಅನ್ವಯಿಸುತ್ತದೆ, ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕಾದ ಷರತ್ತು ಇರುತ್ತದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಇಎನ್‌ಟಿ ವಿಭಾಗಗಳಲ್ಲಿ ಕಡಿಮೆ ವೆಚ್ಚದಲ್ಲಿ ಆಗುತ್ತದೆ. ಬರೀ ಸೌಂದರ್ಯಕ್ಕೆಂದು ಮಾಡಿಸುವ ರೈನೋಪ್ಲಾಸ್ಟಿಗೆ ವಿಮೆ ಇಲ್ಲ, ಜಿಎಸ್‌ಟಿ ವಿನಾಯಿತಿಯೂ ಇಲ್ಲ, ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಬಿಲ್ಲು ಲಕ್ಷ ದಾಟುವುದೇ ಹೆಚ್ಚು. ಫಿಲ್ಲರ್ ಒಂದು ಸಲಕ್ಕೆ ಅಗ್ಗವೆನಿಸಿದರೂ ಐದು ವರ್ಷದ ಮೊತ್ತ ಕೂಡಿ ನೋಡಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್‌ಗಳಿಂದ ಕೆಟ್ಟ ಮೂಗನ್ನು ಮತ್ತೆ ಕಟ್ಟುವುದನ್ನು ವಿಮೆಯ ನಿಯಮಗಳು ಸೌಂದರ್ಯ ಚಿಕಿತ್ಸೆಯೆಂದು ಕಾಣುವುದಿಲ್ಲ. ಮೂಗಿನ ಶಸ್ತ್ರಚಿಕಿತ್ಸೆ ಹುಟ್ಟಿದ್ದೂ ಇಂಥ ಅಗತ್ಯದಿಂದಲೇ. 1792ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಸೆರೆಸಿಕ್ಕು ಮೂಗು ಕಳೆದುಕೊಂಡ. ಅವನ ಹಣೆಯ ಚರ್ಮವನ್ನು ತಿರುಗಿಸಿ ಪುಣೆಯ ಬಳಿ ದೇಶೀಯ ಶಸ್ತ್ರವೈದ್ಯನೊಬ್ಬ ಹೊಸ ಮೂಗು ಕಟ್ಟಿದ ವಿವರ 1794ರಲ್ಲಿ ಲಂಡನ್ನಿನ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕ್ಯಾನ್ಸರಿನಿಂದ ಮೂಗು ಹೋದವರಿಗೆ ಇಂದಿಗೂ ಹಣೆಯ ಚರ್ಮವನ್ನೇ ಬಳಸುತ್ತಾರೆ. ಅಪಘಾತದ ಹಿನ್ನೆಲೆ ಇರುವವರು ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಹುಡುಕಿ ತೆಗೆದಿಟ್ಟುಕೊಳ್ಳಲಿ.

ಯಾವಾಗ?

ಹದಿನೆಂಟು ತುಂಬುವವರೆಗೆ ಬರೀ ಸೌಂದರ್ಯಕ್ಕಾಗಿ ಮಾಡಿಸುವುದು ಬೇಡ. ಸ್ವಂತ ಒಪ್ಪಿಗೆಗೆ ಕಾನೂನಿನ ಬಲ ಬರುವುದು ಆ ವಯಸ್ಸಿಗೆ, ಮುಖದ ಬೆಳವಣಿಗೆ ನಿಲ್ಲುವುದೂ ಅದರ ಆಸುಪಾಸಿನಲ್ಲಿ. ಮದುವೆಯ ಮುಹೂರ್ತಕ್ಕೆ ಮೂರು ತಿಂಗಳಿರುವಾಗ ಮಾಡಿಸುವವರು ಬಹಳ. ಆ ಹೊತ್ತಿಗೆ ಊತದ ದೊಡ್ಡ ಭಾಗ ಇಳಿದಿದ್ದರೂ ತುದಿ ಇನ್ನೂ ಬಿಗಿಯಾಗಿ, ದಪ್ಪವಾಗಿಯೇ ಇರಬಹುದು. ಅಂತಿಮ ಆಕಾರಕ್ಕೆ ಒಂದು ವರ್ಷ, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು ಬೇಕು. ಮದುವೆಗೆ ವರ್ಷವಾದರೂ ಇರುವಂತೆ ದಿನ ಆರಿಸಿ, ಇಲ್ಲವೇ ಮದುವೆಯ ನಂತರಕ್ಕೆ ಇಡಿ. ಮೂಗುತಿ ಧರಿಸುವವರು ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ತೆಗೆಯಲೇಬೇಕು. ಮತ್ತೆ ಯಾವಾಗ ಹಾಕಬಹುದು, ಅಷ್ಟರಲ್ಲಿ ತೂತು ಮುಚ್ಚಿಹೋದರೆ ಏನು ಮಾಡುವುದು ಎಂದು ಮೊದಲೇ ಕೇಳಿಕೊಳ್ಳಿ. ಕನ್ನಡಕ ಹಾಕುವವರು ನಾಲ್ಕಾರು ವಾರ ಅದರ ಭಾರ ಮೂಗಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಕೊಲ್ಲಿ ದೇಶಗಳಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದು ಮಾಡಿಸಿಕೊಂಡು ಹಿಂದಿರುಗುವುದುಂಟು. ಖರ್ಚು ಉಳಿಯುವುದು ನಿಜ, ಆದರೆ ತೊಡಕುಗಳು ಕಾಣಿಸುವುದು ಬಹಳ ಸಲ ರಜೆ ಮುಗಿದ ಮೇಲೆ. ರಜೆಯ ಮೊದಲ ವಾರದಲ್ಲೇ ಮಾಡಿಸಿ, ಆರು ತಿಂಗಳಿಗೂ ವರ್ಷಕ್ಕೂ ಮತ್ತೆ ತೋರಿಸಲು ಬರಲಾಗುವುದಾದರೆ ಮಾತ್ರ ಅದು ಸರಿ.

ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಗಾಯ ಕೂಡುವುದು ತಡವಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಮೊಡವೆಗೆ ನುಂಗುವ ಮಾತ್ರೆ, ಆಯುರ್ವೇದದ ಔಷಧ, ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತಿಳಿಸಿ. ಹೃದಯಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬೇಡಿ.

ನುರಿತವರ ಕೈಯಲ್ಲೂ ಮೂಗು ಅಂದುಕೊಂಡ ಹಾಗೆ ಬಾರದಿರಬಹುದು. ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಎರಡನೆಯ ಸಲ ಬೇಕಾಗುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಅದಕ್ಕೂ ಒಂದು ವರ್ಷವಾದರೂ ಕಾಯಬೇಕು, ಮೊದಲನೆಯದಕ್ಕಿಂತ ಅದು ಕಠಿಣ. ಎರಡನೆಯ ಸಲದ ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನು ಮೊದಲ ಸಲಕ್ಕೆ ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆಯಿರಿ. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಸಮ್ಮರಿಯ ಜೊತೆಗೆ ಆಪರೇಷನ್ ನೋಟ್ಸಿನ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ: ಎಲ್ಲಿಂದ ಎಷ್ಟು ಮೃದ್ವಸ್ಥಿ ತೆಗೆದರು, ಎಲ್ಲೆಲ್ಲಿ ಇಟ್ಟರು, ಹೊರಗಿನ ವಸ್ತು ಏನಾದರೂ ಒಳಗೆ ಉಳಿದಿದೆಯೇ ಎಂಬುದು ಅದರಲ್ಲಿ ಇರಬೇಕು. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ನಿಮ್ಮ ಮೂಗನ್ನು ನೋಡುವ ವೈದ್ಯರು ಮೊದಲು ಕೇಳುವುದು ಆ ಹಾಳೆಯನ್ನೇ.